ಮೆತ್ತೆ ಮಾವ ಸ್ವಂತ ರೆಸಾರ್ಟ್ ಆರಿಸಿದ್ದು

"ರೆಸಾರ್ಟ್ ಆರಿಸೋದು ನನಗೆ ಬಿಡಿ. ಹಾಸಿಗೆ ಮೇಲೆ ಬೆನ್ನು ಇಟ್ರೆ ಸಾಕು, ಆ ಕಟ್ಟಡದ ಪೂರ್ವೋತ್ತರ ಎಲ್ಲ ಹೇಳಿಬಿಡ್ತೀನಿ."

ಹೀಗೆಂದು ಮೆತ್ತೆ ಮಾವ ಘೋಷಣೆ ಹೊರಡಿಸಿದ್ದು ಒಂದು ಶನಿವಾರ ಸಂಜೆ, ಗುಡ್ಡದ ಮೇಲಿನ ರೆಸಾರ್ಟಿನ ದೊಡ್ಡ ಹಾಲಿನಲ್ಲಿ. ತಮ್ಮ ಪಾಡಿಗೆ ತಾವು ತಲೆಕೆಡಿಸಿಕೊಂಡು ಕೂತಿದ್ದ ಬೇರೆ ಸಂಸಾರಗಳವರೆಲ್ಲ ತಿರುಗಿ ನೋಡಿದರು. ನೋಡಲಿ ಅಂತಲೇ ಮಾವ ಅಷ್ಟು ಗಟ್ಟಿಯಾಗಿ ಹೇಳಿದ್ದು. ಮರುದಿನ ಅದೇ ಹಾಲಿನಲ್ಲಿ ಅದೇ ಜನ ಮತ್ತೆ ತಿರುಗಿ ನೋಡಲಿದ್ದಾರೆ, ಆಗ ತಾವು ಕುರ್ಚಿಯ ಕೆಳಗೆ ಜಾಗ ಹುಡುಕಲಿದ್ದೇವೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು ಪಾಪ!

ಈ ಮೆತ್ತೆ ಮಾವ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಬಸ್ ನಿಲ್ದಾಣದಿಂದ ಪೇಟೆಗೆ ತಿರುಗುವ ಮೂಲೆಯಲ್ಲಿ ಅವರದೊಂದು ಹಾಸಿಗೆ ಅಂಗಡಿ. ಹತ್ತಿಯದು, ನಾರಿನದು, ಸ್ಪ್ರಿಂಗಿನದು, ಫೋಮಿನದು ಎಲ್ಲವೂ ಗೋಡೆಗೆ ಬೆನ್ನು ಕೊಟ್ಟು ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ನಿಂತಿರುತ್ತವೆ. ಒಂದು ಮಾತ್ರ ನಡುವಿನ ಮಂಚದ ಮೇಲೆ ಹಾಸಿರುತ್ತದೆ. ಗಿರಾಕಿಗಳು ಮಲಗಿ ನೋಡಲಿ ಅಂತ ಹಾಸಿದ್ದು. ಮಲಗುವವರು ಹೆಚ್ಚಾಗಿ ಮಾವನೇ. ಯಾರಾದರೂ ಬಂದು ಕೆಮ್ಮಿದರೆ ಕಣ್ಣು ಬಿಟ್ಟು, "ನೋಡಿ, ಮಾರೋನಿಗೇ ಎಚ್ಚರ ಆಗಲಿಲ್ಲ ಅಂದ್ರೆ ಮಾಲು ಹೇಗಿರಬೇಕು" ಅನ್ನುತ್ತಾರೆ. ವ್ಯಾಪಾರವೂ ನಿದ್ದೆಯೂ ಹೀಗೆ ಒಂದನ್ನೊಂದು ಸಾಕಿಕೊಂಡು ಬಂದಿವೆ. ಹಾಸಿಗೆಯ ವಿಷಯದಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಮೊಣಕೈ ಊರಿದರೆ ಒಳಗಿನ ಹತ್ತಿ ಹೊಸದೋ ಹಳೆಯದೋ ಹೇಳುತ್ತಾರೆ. ಅಂಚಿನ ಮೇಲೆ ಕೂತೆದ್ದರೆ ಸ್ಪ್ರಿಂಗು ಇನ್ನೆಷ್ಟು ಕಾಲ ಬಾಳುತ್ತದೆಂದು ಹೇಳುತ್ತಾರೆ.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಒಬ್ಬಳು ಮಗಳು, ಕಾಲೇಜಿಗೆ ಹೋಗುವವಳು. ಸಂಸಾರ ಅಂದರೆ ಇಷ್ಟೇ.

ಇನ್ನು ರೆಸಾರ್ಟಿನ ವಿಷಯ. ಒಂದು ಕಂಪನಿ, ಅದಕ್ಕೆ ಅಲ್ಲೊಂದು ಇಲ್ಲೊಂದು ಅಂತ ಹಲವಾರು ರೆಸಾರ್ಟು. ಸದಸ್ಯರಾದರೆ ಪ್ರತಿ ವರ್ಷ ಒಂದು ವಾರ ಅಲ್ಲಿ ಹೋಗಿ ಇರಬಹುದು. ಮಾವ ಈ ವರ್ಷ ಅದಕ್ಕೆ ಹೆಸರು ಕೊಟ್ಟಿದ್ದರು. ಎಲ್ಲರೂ ಒಂದೇ ಜಾಗಕ್ಕೆ ಮುಗಿಬಿದ್ದರೆ ಏನು ಗತಿ? ಅದಕ್ಕೇ ಪ್ರತಿಯೊಂದು ಸಂಸಾರವೂ ಒಂದು ರೆಸಾರ್ಟನ್ನು ತನ್ನದೆಂದು ಆರಿಸಿಕೊಳ್ಳಬೇಕು. ಅಲ್ಲಿ ಕೋಣೆ ಕಾದಿರಿಸಲು ಆ ಸಂಸಾರಕ್ಕೇ ಮೊದಲ ಸರದಿ. ಬೇರೆ ಕಡೆ ಮಿಕ್ಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪನಿಯವರು ಅದಕ್ಕೆ ಹೋಮ್ ರೆಸಾರ್ಟ್ ಅನ್ನುತ್ತಿದ್ದರು. ಮಾವ ಸ್ವಂತ ರೆಸಾರ್ಟ್ ಅನ್ನುತ್ತಿದ್ದರು. ಆ ಸ್ವಂತ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಅವರ ಕುತ್ತಿಗೆ ಒಂದು ಗೇಣು ಉದ್ದವಾಗುತ್ತಿತ್ತು. ಒಮ್ಮೆ ಆರಿಸಿದರೆ ಮುಗಿಯಿತು, ಮತ್ತೆ ಬದಲಾಯಿಸುವಂತಿಲ್ಲ. ಭಾನುವಾರ ಮಧ್ಯಾಹ್ನ ಊಟದ ಗಂಟೆ ಹೊಡೆಯುವುದರೊಳಗೆ ಗಂಡ ಹೆಂಡತಿ ಇಬ್ಬರೂ ಸದಸ್ಯತ್ವ ಮಾರುವ ಹುಡುಗಿಯ ಎದುರು ಕೂತು ಒಂದೇ ಹೆಸರು ಹೇಳಬೇಕು. ತಪ್ಪಿದರೆ ಕಂಪನಿಯೇ ಯಾರಿಗೂ ಬೇಡವಾಗಿ ಖಾಲಿ ಬಿದ್ದಿರುವ ಯಾವುದನ್ನೋ ತಂದು ತಲೆಗೆ ಕಟ್ಟುತ್ತದೆ.

ಆರಿಸುವುದಕ್ಕೆ ಉಳಿದಿದ್ದವು ಎರಡೇ. ಒಂದು ಸರೋವರದ ದಡದ್ದು, ಇನ್ನೊಂದು ಈ ಗುಡ್ಡದ್ದು. ಸರೋವರದ್ದನ್ನು ಹಿಂದಿನ ದಿನವೇ ನೋಡಿ ಬಂದಿದ್ದರು. ಅಲ್ಲಿ ಕೋಣೆಯಿಂದ ನೀರಿನವರೆಗೆ ಮರದ ಮೆಟ್ಟಿಲುಗಳಿದ್ದವು. ಅತ್ತೆ ಕೊನೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟಿದ್ದರು. ಊಟದ ಮನೆಯ ಕಡೆಯಿಂದ ಬೇರೆ ಯಾರೋ ಮಾಡುತ್ತಿದ್ದ ಅಡುಗೆಯ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಬಾಚಣಿಗೆ ಎಲ್ಲಿಟ್ಟೆ ಅಂತ ಕೇಳಲು ಬಂದ ಮಗಳು ಅಮ್ಮನ ಮುಖ ನೋಡಿ, ಕೇಳದೆಯೇ ವಾಪಸು ಹೋಗಿ ಬೆರಳಲ್ಲೇ ತಲೆ ಬಾಚಿಕೊಂಡಳು.

"ಇದೇ ಇರ್ಲಿ ರೀ" ಎಂದರು ಅತ್ತೆ.

ಯಾಕೆ ಅಂತ ಮಾವ ಕೇಳಿದರು. ನೀರು ಚೆನ್ನಾಗಿದೆ ಅಂತ ಅತ್ತೆ ಹೇಳಿದರು. ನೀರು ನಮ್ಮನೆ ನಲ್ಲಿಯಲ್ಲೂ ಬರುತ್ತೆ, ಅದಕ್ಕೆ ಇಷ್ಟು ದೂರ ಬರಬೇಕಾ ಅಂತ ಮಾವ ನಕ್ಕರು. ತಮ್ಮ ಹಾಸ್ಯಕ್ಕೆ ತಾವೇ ನಗುವುದು ಅವರ ಹಳೇ ಅಭ್ಯಾಸ.

ಗುಡ್ಡದ ರೆಸಾರ್ಟಿಗೆ ಬಂದು ಬಾಗಿಲು ತೆರೆದದ್ದೇ ತಡ, ಮಾವ ಮರುಳಾಗಿಬಿಟ್ಟರು. ಅಲ್ಲಿ ಮಲಗುವ ಕೋಣೆಯ ಪಕ್ಕಕ್ಕೇ ಒಂದು ಪೂರ್ತಿ ಅಡುಗೆಮನೆ! ಒಲೆ, ಫ್ರಿಜ್ಜು, ಮಿಕ್ಸಿ, ತೊಳೆಯುವ ತೊಟ್ಟಿ, ತೂಗುಹಾಕಿದ ಸೌಟುಗಳು. ಮಾವ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದರು. ಮನೆಯಲ್ಲಿ ಅವರು ಸೌಟು ಮುಟ್ಟಿದ್ದನ್ನು ಕಂಡವರಿಲ್ಲ.

"ಇವಳೇ, ನೋಡಿಲ್ಲಿ. ಹೊರಗಿನ ಊಟದ ಗೋಳೇ ಇಲ್ಲ. ಒಂದು ವಾರ ಪೂರ್ತಿ ಮನೆಯಲ್ಲಿರೋ ಹಾಗೇ ಇರಬಹುದು."

ಅತ್ತೆ ಒಲೆಯನ್ನು ನೋಡಿದರು, ತೊಟ್ಟಿಯನ್ನು ನೋಡಿದರು. "ಹೌದು. ಮನೆಯಲ್ಲಿರೋ ಹಾಗೇ" ಎಂದರು.

ಇದನ್ನು ಮಾವ ಒಪ್ಪಿಗೆ ಎಂದು ತಿಳಿದರು. ನೀವಾಗಿದ್ದರೆ ತಿಳಿಯುತ್ತಿರಲಿಲ್ಲ, ನಾನಾಗಿದ್ದರೂ ತಿಳಿಯುತ್ತಿರಲಿಲ್ಲ ಅಂತ ಹೇಳಬೇಕೆನಿಸುತ್ತದೆ. ಆದರೆ ಎದೆ ಮುಟ್ಟಿಕೊಂಡು ಹೇಳುವ ಧೈರ್ಯ ಬರುತ್ತಿಲ್ಲ. ಮದುವೆಯಾದಂದಿನಿಂದ ಅತ್ತೆ ಯಾವ ರಜೆಯಲ್ಲೂ ಒಲೆ ಬಿಟ್ಟಿದ್ದಿಲ್ಲ. ನೆಂಟರ ಮನೆಗೆ ಹೋದರೆ ನೆಂಟರ ಒಲೆ, ಬಾಡಿಗೆ ಕೋಣೆಗೆ ಹೋದರೆ ಅಲ್ಲಿನ ಒಲೆ. ಕುಕ್ಕರು ಮನೆಯಿಂದಲೇ ಹೋಗುತ್ತಿತ್ತು. ಈ ಸಲವೂ ಬಂದಿತ್ತು. ಗುಡ್ಡ ಹತ್ತುವಾಗ ಆ ಚೀಲ ಹೊತ್ತ ಮಾವ, ಇದರಲ್ಲಿ ಕಲ್ಲು ತುಂಬಿದ್ದೀಯಾ ಅಂತ ದಾರಿಯುದ್ದಕ್ಕೂ ಗೊಣಗಿದ್ದರು. ಇನ್ನು ಮುಂದೆ ಪ್ರತಿ ವರ್ಷವೂ ಇದೇ ಗುಡ್ಡ, ಇದೇ ಒಲೆ ಎಂದು ಗೊತ್ತುಮಾಡುವ ದಿನ ಬಂದಿತ್ತು. ಅತ್ತೆ ಜಗಳವಾಡುವ ಪೈಕಿ ಅಲ್ಲ. ಒಮ್ಮೆ ಹೇಳಿದ್ದರು, ಇನ್ನೊಮ್ಮೆ ಹೇಳುವವರಲ್ಲ.

ಭಾನುವಾರ ಬೆಳಗಾಯಿತು. ಅತ್ತೆ ಆ ಅಡುಗೆಮನೆಯಲ್ಲಿ ತಿಂಡಿ ಮಾಡುತ್ತಿದ್ದರು. ಸ್ನಾನದ ಮನೆಯಿಂದ ಮಾವನ ದನಿ ಬರುತ್ತಿತ್ತು. ಟವೆಲ್ ಎಲ್ಲಿ, ಬಿಸಿನೀರು ಯಾವ ಕಡೆ ತಿರುಗಿಸಿದರೆ ಬರುತ್ತೆ, ನನ್ನ ಬಿಳೀ ಅಂಗಿ ಎಲ್ಲಿಟ್ಟೆ. ಅತ್ತೆ ಒಂದು ಕೈಯಲ್ಲಿ ಸೌಟು ಹಿಡಿದೇ ಓಡಾಡಿ ಎಲ್ಲವನ್ನೂ ಒದಗಿಸಿದರು. ಮಾವ ಬಿಳೀ ಅಂಗಿ, ಕಪ್ಪು ಪ್ಯಾಂಟು ತೊಟ್ಟು ಹೊರಗೆ ಬಂದರು. ಆ ಅಂಗಿ ಪ್ಯಾಂಟೇ ಮುಂದಿನ ಅನಾಹುತಕ್ಕೆ ಸಮವಸ್ತ್ರವಾಯಿತು. ಹೇಗೆಂದು ಹೇಳುತ್ತೇನೆ, ಇರಿ.

ತಿಂಡಿ ತಿಂದು ಕೈ ತೊಳೆದು ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡರು.

"ಇನ್ನೊಂದೇ ಪರೀಕ್ಷೆ ಬಾಕಿ. ನಮಗೆ ಕೊಟ್ಟಿರೋ ಹಾಸಿಗೆ ಚೆನ್ನಾಗೇ ಇದೆ. ಇರಲೇಬೇಕು, ತೋರಿಸೋ ಮಾಲು ಅದು. ಅಂಗಡಿ ಮುಂದೆ ನಾನೂ ಒಳ್ಳೇದನ್ನೇ ಹಾಸೋದು. ಬೇರೆ ಕೋಣೇಲಿ, ಯಾರೂ ತಯಾರು ಮಾಡಿಡದೆ ಇರೋ ಹಾಸಿಗೆ ಮೇಲೆ ಬೆನ್ನಿಡಬೇಕು. ಆಮೇಲೆ ಗುಡ್ಡ ಅಂತ ಹೇಳಿಬಿಡೋಣ."

ಊಟದ ಗಂಟೆಗೆ ಮೊದಲು ಹಾಲಿಗೆ ಬನ್ನಿ ಅಂತ ಮಗಳು ನೆನಪಿಸಿದಳು. ಅತ್ತೆ ತಟ್ಟೆ ತೊಳೆಯುತ್ತಿದ್ದರು.

ಕೋಣೆಯ ಹೊರಗಿನ ಓಣಿಯುದ್ದಕ್ಕೂ ಒಂದೇ ಅಚ್ಚಿನ ಕೋಣೆಗಳು. ಒಂದು ಬಾಗಿಲು ತೆರೆದಿತ್ತು. ಎದುರಿಗೆ ಶುಚಿ ಮಾಡುವವರ ತಳ್ಳುಗಾಡಿ ನಿಂತಿತ್ತು, ಅದರ ತುಂಬ ಟವೆಲ್ಲು, ಹೊದಿಕೆ. ಮಾವ ಇಣುಕಿ ನೋಡಿದರು. ಪೆಟ್ಟಿಗೆಯಿಲ್ಲ, ಬಟ್ಟೆಯಿಲ್ಲ, ಮೇಜಿನ ಮೇಲೊಂದು ಲೋಟವೂ ಇಲ್ಲ. ಖಾಲಿ ಕೋಣೆ ಅಂದುಕೊಂಡರು. ಎಲ್ಲವನ್ನೂ ಒಪ್ಪವಾಗಿ ಕಪಾಟಿನೊಳಗೆ ಜೋಡಿಸಿ ಬೀಗ ಹಾಕಿಕೊಂಡು ವಾಯುವಿಹಾರಕ್ಕೆ ಹೋಗುವ ಶಿಸ್ತಿನವರು ಈ ಲೋಕದಲ್ಲಿ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ಅವರ ಮನೆಯಲ್ಲಿ ಅವರ ಬಟ್ಟೆ ಎಂದೂ ತಾನಾಗಿ ಕಪಾಟು ಹೊಕ್ಕಿದ್ದಿಲ್ಲವಲ್ಲ.

ಪರೀಕ್ಷೆ ಶುರುವಾಯಿತು. ಹೊದಿಕೆ ತೆಗೆದು ಕುರ್ಚಿಗೆ ಎಸೆದರು. ಮೊಣಕೈ ಊರಿದರು, ಮುಷ್ಟಿಯಿಂದ ಗುದ್ದಿದರು, ಕಿವಿಯಿಟ್ಟು ಕೇಳಿದರು. ಹಾಸಿಗೆಯನ್ನು ಎತ್ತಿ ಗೋಡೆಗೆ ನಿಲ್ಲಿಸಿ ಅಡಿಭಾಗ ನೋಡಿದರು, ಅಂಚಿನ ಹೊಲಿಗೆಯ ಮೇಲೆ ಉಗುರು ಎಳೆದರು. "ಭೇಷ್" ಎಂದರು. ಮತ್ತೆ ಮಂಚಕ್ಕೆ ಇಳಿಸಿ, ಬೆನ್ನಿಟ್ಟರು.

ಇಲ್ಲಿಗೆ ಮಾವನ ಬುದ್ಧಿಯ ಕೆಲಸ ಮುಗಿದು ದೇಹದ ಕೆಲಸ ಶುರುವಾಯಿತು. ಹಾಸಿಗೆಗೆ ಬೆನ್ನು ತಾಗಿದ ಕೂಡಲೇ ರೆಪ್ಪೆ ಮುಚ್ಚಬೇಕೆಂದು ವರ್ಷಗಟ್ಟಲೆ ಕಲಿತ ದೇಹ ಅದು. ಎದುರಿಗೆ ಗಿರಾಕಿ ಇದ್ದಾನೋ ಇಲ್ಲವೋ, ಅಂಗಡಿ ತಮ್ಮದೋ ಅಲ್ಲವೋ, ಅದಕ್ಕೆ ಹೇಗೆ ತಿಳಿಯಬೇಕು? ಕ್ಷಣದಲ್ಲಿ ಮಾವನ ಗೊರಕೆ ಓಣಿಗೆ ಕೇಳಿಸುತ್ತಿತ್ತು.

ಕೆಮ್ಮು ಕೇಳಿ ಎಚ್ಚರವಾಯಿತು. ಅಭ್ಯಾಸಬಲದಿಂದ, "ನೋಡಿ, ಮಾರೋನಿಗೇ ಎಚ್ಚರ" ಅಂತ ಶುರುಮಾಡಿ ಕಣ್ಣುಬಿಟ್ಟರೆ, ಮಂಚದ ಬುಡದಲ್ಲಿ ಇಬ್ಬರು ಅಜ್ಜಿಯರು. ಅಕ್ಕ ತಂಗಿಯರೆಂದು ಮೂಗು ನೋಡಿದರೇ ತಿಳಿಯುತ್ತಿತ್ತು. ಅಕ್ಕನ ಕೈಯಲ್ಲಿ ಊರುಗೋಲು. ಆ ಕೋಲಿನ ತುದಿ ಮಾವನ ಕಾಲಿನ ಹೆಬ್ಬೆರಳಿಗೆ ನೇರವಾಗಿತ್ತು.

"ನಮ್ಮ ಹಾಸಿಗೆ ಮೇಲೆ ಏನಪ್ಪಾ ಮಾಡ್ತಿದ್ದೀಯ?"

ಮಾವನ ಕಿವಿ ಎರಡೂ ಬಿಸಿಯಾದವು. ಪರರ ಕೋಣೆ, ಪರರ ಮಂಚ, ಅದೂ ಇಬ್ಬರು ಹಿರಿಯ ಹೆಂಗಸರದ್ದು! ನಾನೂ ನಿಮ್ಮ ಹಾಗೆ ಸದಸ್ಯನಾಗುವವನು, ಹೆಂಡತಿ ಮಗಳ ಜೊತೆ ಬಂದಿದ್ದೇನೆ ಅಂತ ಹೇಳಬೇಕೆಂದು ಬಾಯಿ ತೆರೆದರು. ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದು ಆ ಕೋಲಿನ ತುದಿಯಲ್ಲೇ ಕಾಣುತ್ತಿತ್ತು.

"ಹಾಸಿಗೆ ಚೆಕ್ ಮಾಡ್ತಿದ್ದೆ ಅಜ್ಜಿ" ಎಂದುಬಿಟ್ಟರು.

ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಬಿಳೀ ಅಂಗಿ, ಕಪ್ಪು ಪ್ಯಾಂಟು, ಹೆಗಲ ಮೇಲೆ ಟವೆಲ್ಲು, ಬಾಗಿಲಲ್ಲಿ ತಳ್ಳುಗಾಡಿ. ಅಜ್ಜಿ ಕೋಲು ಕೆಳಗಿಳಿಸಿದರು. ಮುಖದ ಮೇಲಿನ ಸಂಶಯ ಹೋಗಿ ಅಧಿಕಾರ ಬಂತು.

"ಚೆಕ್ ಮಾಡೋವಾಗ ನಿದ್ದೆ ಬಂತು ಅನ್ನು. ಇರ್ಲಿ, ಮ್ಯಾನೇಜರಿಗೆ ಹೇಳಲ್ಲ. ಹೊದಿಕೆ ಸರಿಯಾಗಿ ಹಾಸು. ದಿಂಬು ಕಲ್ಲಿದ್ದ ಹಾಗಿದೆ, ಬೇರೆ ತಾ. ಬಿಸಿನೀರು ಯಾವ ಕಡೆ ತಿರುಗಿಸಿದ್ರೆ ಬರುತ್ತೆ? ನನ್ನ ಚಪ್ಪಲಿ ಮಂಚದಡಿ ಹೋಗಿದೆ, ತೆಗಿ."

ಮ್ಯಾನೇಜರಿಗೆ ಹೇಳಲ್ಲ ಎಂಬ ಆ ಒಂದು ಮಾತಿಗೆ ಮಾವ ಮಾರಿಹೋದರು. ಹಾಸಿಗೆ ಅಂಗಡಿಯ ಯಜಮಾನರು ಮಂಡಿಯೂರಿ ಮಂಚದಡಿಗೆ ತಲೆ ತೂರಿಸಿದರು. ಚಪ್ಪಲಿ ಬಂತು. ಹೊದಿಕೆ ಹಾಸಿದರು. ಒಂದು ಮೂಲೆ ಎಳೆದರೆ ಇನ್ನೊಂದು ಮೂಲೆ ಬಿಟ್ಟುಕೊಳ್ಳುತ್ತಿತ್ತು. ಅಷ್ಟೊಂದು ಹಾಸಿಗೆ ಮಾರಿದ ಕೈಗೆ ಒಂದು ಹೊದಿಕೆ ಹಾಸಲು ಬರಲಿಲ್ಲ. "ಹೊಸಬ ಅಂತ ಕಾಣುತ್ತೆ" ಅಂತ ತಂಗಿ ಅಜ್ಜಿ ಮೆಲ್ಲಗೆ ಅಂದರು. ಅವರ ದನಿ ಮೃದು.

ಮೆತ್ತನೆಯ ದಿಂಬು ಎಲ್ಲಿಂದ ತರುವುದು? ತಳ್ಳುಗಾಡಿಯಲ್ಲಿ ಇದ್ದವು ಟವೆಲ್ಲು, ಹೊದಿಕೆ ಮಾತ್ರ. ಮಾವ ತಮ್ಮ ಕೋಣೆಗೇ ಓಡಿದರು. ಅತ್ತೆ ಹಾಲಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದರು. ಗಂಡ ಬಂದು, ಮಂಚದ ಮೇಲಿನ ಎರಡು ದಿಂಬನ್ನೂ ಕಂಕುಳಲ್ಲಿ ಇರುಕಿಕೊಂಡು ಹೊರಟದ್ದನ್ನು ಕನ್ನಡಿಯಲ್ಲೇ ನೋಡಿದರು.

"ರೀ, ಎಲ್ಲಿಗೆ?"

"ಸ್ವಲ್ಪ ಕೆಲಸ ಇದೆ."

ಈ ಮಾತನ್ನು ರಜೆಯಲ್ಲಿ ಗಂಡನ ಬಾಯಿಂದ ಅತ್ತೆ ಮೊದಲ ಬಾರಿ ಕೇಳಿದ್ದು. ಬಾಚಣಿಗೆ ಕೂದಲಲ್ಲೇ ನಿಂತಿತು.

ದಿಂಬು ಒಪ್ಪಿಗೆಯಾಯಿತು. ಇನ್ನು ಹೊರಟೆ ಎನ್ನುವಷ್ಟರಲ್ಲಿ ಅಕ್ಕ ಅಜ್ಜಿ ಟೀ ಕೇಳಿದರು. ಊಟದ ಮನೆಯಲ್ಲಿ ಹೇಳುತ್ತೇನೆ ಅಂದದ್ದಕ್ಕೆ, ಅಲ್ಲಿಯದು ನೀರು, ನಮ್ಮ ಕೋಣೆಯಲ್ಲಿ ಹಾಲೂ ಇಲ್ಲ ಪುಡಿಯೂ ಇಲ್ಲ, ನೀನೇ ಎಲ್ಲಾದರೂ ಮಾಡಿ ತಾ, ಒಂದು ಸಕ್ಕರೆ ಹಾಕಿ, ಒಂದು ಹಾಕದೆ ಅಂತ ಅಪ್ಪಣೆಯಾಯಿತು. ಕೋಲು ನೆಲಕ್ಕೆ ಒಂದು ಸಲ ತಟ್ಟಿತು.

ಕೋಣೆಗೆ ಮರಳಿದಾಗ ಹೆಂಡತಿ ಮಗಳು ಹಾಲಿಗೆ ಹೋಗಿಯಾಗಿತ್ತು. ಮಾವ ತಾವು ಕೊಂಡಾಡಿದ ಆ ಅಡುಗೆಮನೆಯ ನಡುವೆ ಒಬ್ಬರೇ ನಿಂತರು. ಅತ್ತೆ ಮನೆಯಿಂದ ತಂದಿದ್ದ ಸಣ್ಣ ಸಣ್ಣ ಡಬ್ಬಿಗಳು ಸಾಲಾಗಿ ಕೂತಿದ್ದವು. ಎಲ್ಲವೂ ಒಂದೇ ಥರ. ಯಾವುದರಲ್ಲಿ ಏನಿದೆ ಎಂದು ತಿಳಿದದ್ದು ಒಬ್ಬರಿಗೇ, ಅವರು ಇಲ್ಲಿರಲಿಲ್ಲ. ಮೊದಲನೆಯದರಲ್ಲಿ ಮೆಣಸು. ಎರಡನೆಯದರಲ್ಲಿ ಉಪ್ಪೋ ಸಕ್ಕರೆಯೋ ಎಂದು ನೆಕ್ಕಿ ನೋಡಬೇಕಾಯಿತು, ಉಪ್ಪು. ಟೀ ಪುಡಿ ಸಿಗುವಷ್ಟರಲ್ಲಿ ಒಲೆಯ ಮೇಲಿನ ಹಾಲು ಪಾತ್ರೆಯಿಂದ ಎದ್ದು ಬಂದು ಒಲೆ, ಕಟ್ಟೆ, ಮಾವನ ಕಾಲು ಎಲ್ಲವನ್ನೂ ನೋಡಿಕೊಂಡು ಹೋಯಿತು. ಒರೆಸಲು ಬಟ್ಟೆ ಹುಡುಕಿದರು. ಕುಕ್ಕರಿನ ಪಕ್ಕದಲ್ಲಿ, ಮನೆಯಿಂದ ತಂದ ಒರೆಸುವ ಬಟ್ಟೆ ನಾಲ್ಕು ಮಡಿಕೆಯಾಗಿ ಇತ್ತು. ಬೆಳಗಿನ ತಟ್ಟೆಗಳೆಲ್ಲ ತೊಳೆದು ಬೋರಲಾಗಿದ್ದವು. ತಾವು ನಿನ್ನೆ ಕಲ್ಲು ಎಂದದ್ದು ಇವನ್ನೇ ಅಂತ ಮಾವನಿಗೆ ಹೊಳೆಯಿತು. ಮನೆಯ ಅಡುಗೆಮನೆಯೇ ಅವರ ಹಿಂದೆ ಗುಡ್ಡ ಹತ್ತಿ ಬಂದು ಕೂತಿತ್ತು.

ಟೀ ಹೋಯಿತು. ಅಕ್ಕ ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದೇನು, ಬಿಸಿನೀರಿಗೆ ಬಣ್ಣ ಹಾಕಿದ್ದಾ? ಸಕ್ಕರೆ ಎಲ್ಲಿ? ಇನ್ನೊಂದ್ಸಲ ಮಾಡು."

ಮಾವ ಬೆಚ್ಚಿದರು. ದನಿ ಅಜ್ಜಿಯದು, ಮಾತು ತಮ್ಮದೇ! ಬೆಳಗ್ಗೆ ಪೇಪರಿನ ಹಿಂದಿನಿಂದ ದಿನಾ ಹೊರಡುವ ಮಾತು, ಒಂದು ಪದವೂ ಆಚೀಚೆಯಾಗದೆ ತಿರುಗಿ ಬಂದು ಅವರ ಕೆನ್ನೆಗೇ ಬಡಿದಿತ್ತು. ಇನ್ನೊಂದು ಸಲ ಮಾಡಿದರು. ಆ ಓಡಾಟದ ನಡುವೆ ಪಕ್ಕದ ಕೋಣೆಯ ಒಬ್ಬ ದಢೂತಿ ಆಸಾಮಿ, ಈಜುಕೊಳದಿಂದ ನೀರು ತೊಟ್ಟಿಕ್ಕುತ್ತಾ ಬಂದು, ಎಷ್ಟು ಹೊತ್ತು ಕೂಗಬೇಕಪ್ಪ ನಿನ್ನ ಅಂತ ಗದರಿ, ಒದ್ದೆ ಚಡ್ಡಿಯನ್ನು ಹಿಂಡಿ ಒಣಹಾಕಲು ಅವರ ಕೈಗಿತ್ತ. ಅದನ್ನೂ ಹಿಂಡಿದರು. ಒಂದು ಸುಳ್ಳಲ್ಲದ ಮಾತು ಅಷ್ಟು ದೂರ ತಂದು ನಿಲ್ಲಿಸಿತ್ತು.

ಎರಡನೇ ಸಲದ ಟೀ ಕುಡಿದು ಅಕ್ಕ ಅಜ್ಜಿ ಏನೂ ಹೇಳಲಿಲ್ಲ. ಹೇಳಲಿಲ್ಲವೆಂದರೆ ಚೆನ್ನಾಗಿದೆ ಎಂದು ಅರ್ಥ ಅಂತ ಮಾವ ತಾವೇ ಮಾಡಿಟ್ಟಿದ್ದ ಕಾನೂನು. ಈಗ ಲೋಟದ ಕಡೆ ನೋಡುತ್ತಾ ಒಂದು ಮಾತಿಗಾಗಿ ಕಾದು ನಿಂತರು. ಬರಲಿಲ್ಲ. ಆಗ ತಂಗಿ ಅಜ್ಜಿ ಕುರ್ಚಿಯನ್ನು ಸ್ವಲ್ಪ ಎಳೆದು ಅಂದರು:

"ಒಂದು ಗಳಿಗೆ ಕೂತ್ಕೊಳ್ಳಪ್ಪ. ಆಗಿನಿಂದ ನಿಂತೇ ಇದ್ದೀಯ."

ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು. ಅಲ್ಲಿಯವರೆಗೂ ತಡೆದುಕೊಂಡೇ ಇದ್ದರಲ್ಲ. ಈ ಮಾತಿಗೆ ಮಾತ್ರ ಅವರು ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಟ್ಟುಕೊಂಡು ಆ ಕುರ್ಚಿಯನ್ನೇ ನೋಡುತ್ತಾ ನಿಂತರು. ಇಷ್ಟು ಸಣ್ಣ ಮಾತನ್ನು ಮನೆಯಲ್ಲಿ ತಾವು ಯಾವತ್ತಾದರೂ ಆಡಿದ್ದೇವಾ ಎಂದು ನೆನಪು ಕೆದಕಿದರು. ಎಷ್ಟು ಕೆದಕಿದರೂ ಮೇಲೆ ಬಂದದ್ದು ಒಂದೇ. ಕೆಲಸವೆಲ್ಲ ಮುಗಿಸಿ ಅತ್ತೆ ಬಾಗಿಲ ಬಳಿ ಕೂತಾಗೆಲ್ಲ ತಾವು ಹೇಳುವುದು: "ಸುಮ್ನೆ ಕೂತಿದ್ದೀಯಲ್ಲ, ಹಾಗೇ ಒಂದು ಲೋಟ ನೀರು ತಾ."

ಹಾಗೇ! ಕೂತವಳು ಹಾಗೇ ನೀರು ತರುವುದು ಹೇಗೆ? ಇಷ್ಟು ವರ್ಷ ಈ ಪ್ರಶ್ನೆ ತಮಗೆ ಹುಟ್ಟಲೇ ಇಲ್ಲ. ಸರೋವರದ ಮೆಟ್ಟಿಲ ಮೇಲೆ ಅವಳು ಕೂತಿದ್ದಳು, ಯಾರೂ ಏನೂ ಕೇಳಿರಲಿಲ್ಲ. ನೀರು ಚೆನ್ನಾಗಿದೆ ಅಂದಳು. ಮಾವನಿಗೆ ಎಲ್ಲಿಯಾದರೂ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಕೈಯಲ್ಲಿದ್ದದ್ದು ಟೀ ತಟ್ಟೆ, ಅದರಿಂದ ಎಷ್ಟು ಮುಚ್ಚೀತು?

ಅಷ್ಟರಲ್ಲಿ ಹಾಲಿನ ಕಡೆಯಿಂದ ಕುರ್ಚಿ ಸರಿಯುವ ಸದ್ದು ಕೇಳಿಸಿತು. ಊಟದ ಗಂಟೆ ಇನ್ನೇನು ಹೊಡೆಯುವುದರಲ್ಲಿತ್ತು. "ಬಂದೆ ಅಜ್ಜಿ" ಅಂದವರೇ ಮಾವ ತಟ್ಟೆ ಲೋಟ ಸಮೇತ ಓಣಿಯಲ್ಲಿ ಓಟ ಕಿತ್ತರು.

ಹಾಲಿನಲ್ಲಿ ಬೇರೆ ಸಂಸಾರಗಳದ್ದೆಲ್ಲ ಮುಗಿದಿತ್ತು. ಸದಸ್ಯತ್ವ ಮಾರುವ ಹುಡುಗಿ ಗಡಿಯಾರ ನೋಡುತ್ತಿದ್ದಳು. ಅವಳೆದುರು ಅತ್ತೆ ಮಗಳು, ಪಕ್ಕದಲ್ಲೊಂದು ಖಾಲಿ ಕುರ್ಚಿ. ಮಾವ ಬಂದು ನಿಂತ ಠೀವಿಯನ್ನು ಏನೆಂದು ವರ್ಣಿಸಲಿ! ಬಿಳೀ ಅಂಗಿಯ ಮೇಲೆ ಟೀ, ಪ್ಯಾಂಟಿನ ಮೇಲೆ ಹಾಲು, ಹೆಗಲ ಮೇಲೆ ಒರೆಸುವ ಬಟ್ಟೆ, ಎರಡೂ ಕೈಯಲ್ಲಿ ತಟ್ಟೆ. ನಿನ್ನೆ ಸಂಜೆ ತಿರುಗಿ ನೋಡಿದ್ದವರೆಲ್ಲ ಇಂದೂ ಮರೆಯದೆ ತಿರುಗಿ ನೋಡಿದರು. ಒಬ್ಬರು ತಮ್ಮ ಖಾಲಿ ಲೋಟವನ್ನು ಅವರ ತಟ್ಟೆಯಲ್ಲಿ ಇಟ್ಟೇಬಿಟ್ಟರು.

"ಸಾರ್, ಹಾಸಿಗೆ ಎಲ್ಲ ಪಾಸಾಯ್ತಾ? ಗುಡ್ಡ ಅಂತಲೇ ಹಾಕ್ಲಾ?" ಹುಡುಗಿ ನಗುತ್ತಾ ಕೇಳಿದಳು. ಹಿಂದಿನ ಸಂಜೆ ಮಾವ ಹಾಸಿಗೆಯ ಮಾತಿನ ಜೊತೆಗೆ ಗುಡ್ಡದ ಅಡುಗೆಮನೆಯನ್ನೂ ಎಲ್ಲರಿಗೂ ಕೇಳುವಂತೆ ಹೊಗಳಿದ್ದರಲ್ಲ. ಅತ್ತೆ ಹುಡುಗಿಗೆ ಹ್ಞೂಂ ಎನ್ನಲು ಸಿದ್ಧರಾಗಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಸರೋವರ" ಎಂದರು ಮಾವ.

ಹುಡುಗಿಯ ನಗು ಅರ್ಧಕ್ಕೇ ನಿಂತಿತು. "ಸಾರ್, ಒಂದ್ಸಲ ಹಾಕಿದ್ರೆ ಬದಲಾಯಿಸೋಕಾಗಲ್ಲ. ಅಲ್ಲಿ ಅಡುಗೆಮನೆ ಇಲ್ಲ."

"ಅದಕ್ಕೇ."

ಇನ್ನೇನಾದರೂ ಹೇಳಬೇಕೆಂದು ಮಾವನಿಗೆ ಆಸೆಯಿತ್ತು. ನನಗೆ ಗೊತ್ತಾಯ್ತು ಕಣೇ, ತಡವಾಗಿ ಗೊತ್ತಾಯ್ತು ಅಂತ. ಆದರೆ ಹಾಲಿನ ಜನವೆಲ್ಲ ನೋಡುತ್ತಿದ್ದರು. ನೆಲ ನೋಡುತ್ತಾ ನಿಂತರು. ಅತ್ತೆ ಗಂಡನ ಅಂಗಿಯ ಮೇಲಿನ ಕಲೆಯನ್ನು ನೋಡಿದರು, ಹೆಗಲ ಮೇಲಿನ ಬಟ್ಟೆಯನ್ನು ನೋಡಿದರು. ಅದು ತಮ್ಮ ಅಡುಗೆಮನೆಯದ್ದು ಎಂದು ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗಿ, "ಸರೋವರ" ಅಂದರು. ಹುಡುಗಿ ಬರೆದುಕೊಂಡಳು. ಊಟದ ಗಂಟೆ ಹೊಡೆಯಿತು.

ಇಲ್ಲಿಗೆ ಕಥೆ ಮುಗಿದು, ಮಾವ ಅಷ್ಟಿಷ್ಟು ಮಾನ ಉಳಿಸಿಕೊಂಡು ಊಟಕ್ಕೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಅಷ್ಟರಲ್ಲಿ ಬಾಗಿಲ ಬಳಿ ಕೋಲಿನ ಸದ್ದಾಯಿತು. ಅಕ್ಕ ಅಜ್ಜಿ, ಅವರ ಹಿಂದೆ ತಂಗಿ ಅಜ್ಜಿ. ಮಾವ ತಟ್ಟೆಯನ್ನು ಮುಖದ ಮಟ್ಟಕ್ಕೆ ಎತ್ತಿದರು. ಪ್ರಯೋಜನವಾಗಲಿಲ್ಲ.

"ಇಲ್ಲಿದ್ದಾನೆ ನೋಡು" ಎಂದು ಅಜ್ಜಿ ನೇರ ಹುಡುಗಿಯ ಮೇಜಿಗೆ ಬಂದರು. "ನೋಡಮ್ಮ, ಇವನನ್ನ ಕೆಲಸದಿಂದ ತೆಗೀಬೇಡಿ. ಹೊಸಬ, ಸ್ವಲ್ಪ ನಿದ್ದೆ ಜಾಸ್ತಿ. ನಾವು ಬಂದಾಗ ನಮ್ಮ ಮಂಚದ ಮೇಲೇ ಗೊರಕೆ ಹೊಡೀತಿದ್ದ. ಆದ್ರೆ ಕರೆದಾಗೆಲ್ಲ ಬಂದ, ಎದುರು ಮಾತಾಡಲಿಲ್ಲ."

ನಮ್ಮ ಮಂಚದ ಮೇಲೇ ಎಂಬ ಮಾತು ಹಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಮುಟ್ಟಿತು. ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ದಢೂತಿ ಆಸಾಮಿ ಅಷ್ಟು ದೂರದಿಂದ, ನನ್ನ ಚಡ್ಡಿ ಎಲ್ಲಿ ಒಣಹಾಕಿದೆಯಪ್ಪ ಎಂದು ವಿಚಾರಿಸಿದ.

"ಅಜ್ಜಿ, ಇವರು ನಮ್ಮ ಕೆಲಸದವರಲ್ಲ" ಹುಡುಗಿ ತೊದಲಿದಳು. "ನಮ್ಮ ಸದಸ್ಯರು."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಮಾವನನ್ನು ಅಡಿ ಮುಡಿ ನೋಡಿದರು. ಮಾವನಿಗೆ ತಮ್ಮ ಅಂಗಡಿಯ ಗೋಡೆಗೆ ನಿಲ್ಲಿಸಿದ ಹಾಸಿಗೆಗಳ ನೋವು ಏನೆಂದು ಆಗ ತಿಳಿಯಿತು. ಅಜ್ಜಿಯ ಕಣ್ಣು ಅಲ್ಲಿಂದ ಸರಿದು ಅತ್ತೆಯ ಮೇಲೆ ನಿಂತಿತು.

"ನಿನ್ನ ಗಂಡನೇನಮ್ಮ?"

ಅತ್ತೆ ಹೌದೆಂದು ತಲೆಯಾಡಿಸಿದರು.

"ಪುಣ್ಯವಂತೆ ಕಣಮ್ಮ. ಮನೇಲೂ ಹೀಗೇ ಮಾಡ್ತಾನಾ?"

ಹಾಲಿನಲ್ಲಿದ್ದವರೆಲ್ಲ ಅತ್ತೆಯ ಕಡೆ ತಿರುಗಿದರು. ಮಾವ ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅತ್ತೆ ಎದ್ದು ಬಂದು ಅವರ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲ ಅಜ್ಜಿ. ಇವತ್ತೇ ಮೊದಲನೇ ದಿನ."

ಅಜ್ಜಿ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಹಿರಿಯರಲ್ಲವೇ, ಹೊಸಬರ ಬಗ್ಗೆ ನಾಲ್ಕು ಮಾತು ಹೇಳಿ ಹೋಗುವುದು ಅವರ ಧರ್ಮ. "ಹಾಗಾದ್ರೆ ಮೊದಲು ಟೀ ಮಾಡೋದು ಕಲಿಸಮ್ಮ" ಎಂದು ಕೋಲೂರಿ ಹೊರಟರು. "ಮಲಗೋದು ಆಗಲೇ ಚೆನ್ನಾಗಿ ಬರುತ್ತೆ."